ಚಿತ್ರಕಲಾವಿದರ ಕೃತಿಗಳು ಹಾಗೂ ಕೃತಿಸ್ವಾಮ್ಯ

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಇಟಲಿಯ ಕಲಾವಿದ ಆಂತೋನಿಯೊ ಮೊಸ್ಕೇನಿಯವರು 1900ರ ಸುಮಾರಿಗೆ ರಚಿಸಿದರು. ಅಲ್ಲಿ ಭಿತ್ತಿಚಿತ್ರಗಳೂ ಕ್ಯಾನ್ವಾಸ್ ಮೇಲಿನ ತೈಲವರ್ಣ ಚಿತ್ರಗಳೂ ಇವೆ. ಹಸಿ ಗಾರೆಯ ಮೇಲೆ ಚಿತ್ರಿಸುವಾಗ ಗಾರೆ ಒಣಗುವುದರೊಳಗೆ ಆ ದಿನದ ಭಾಗವನ್ನು ಮುಗಿಸಬೇಕಾಗುವುದರಿಂದ ರೇಖಾಚಿತ್ರವನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ಅವಶ್ಯಕ. ತೈಲವರ್ಣದಲ್ಲಿ ತಿದ್ದಲು ಅವಕಾಶವಿದ್ದರೂ ಇಂದಿಗೂ ಅನೇಕ ಕಲಾವಿದರು ಕರಡು ರೇಖಾಚಿತ್ರದಿಂದಲೇ ಕೆಲಸ ಆರಂಭಿಸುತ್ತಾರೆ.

ಸ್ವಂತವಾಗಿ ರಚಿಸಿದ ಕರಡು ರೇಖಾಚಿತ್ರವೂ ಪೂರ್ಣಗೊಂಡ ವರ್ಣಚಿತ್ರವೂ ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಕಲಾಕೃತಿಗಳೇ ಆಗಿವೆ. ಕಲಾವಿದರ ಜೀವಿತಾವಧಿ ಹಾಗೂ ಮರಣಾನಂತರದ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಇದಕ್ಕೆ ನೋಂದಣಿ ಕಡ್ಡಾಯವಲ್ಲ. ಚಿತ್ರವನ್ನು ಮಾರಾಟ ಮಾಡಿದ ಮಾತ್ರಕ್ಕೆ ಕೃತಿಸ್ವಾಮ್ಯ ಖರೀದಿದಾರರಿಗೆ ಸೇರುವುದಿಲ್ಲ. ಅದಕ್ಕೆ ಸಹಿ ಮಾಡಿದ ಲಿಖಿತ ಪತ್ರ ಅಗತ್ಯ.

ಆದರೆ ಬೇರೊಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ವರ್ಣಚಿತ್ರ ಅಥವಾ ಭಾವಚಿತ್ರ ರಚಿಸಿದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ ಕೋರಿದವರೇ ಕೃತಿಸ್ವಾಮ್ಯದ ಪ್ರಥಮ ಒಡೆಯರಾಗುತ್ತಾರೆ. ಅಂತಹ ಚಿತ್ರವನ್ನು ಮುಂದೆ ಕ್ಯಾಲೆಂಡರ್, ಪುಸ್ತಕ ಮುಂತಾದವುಗಳಲ್ಲಿ ಮುದ್ರಿಸಲು ಕಲಾವಿದರೇ ಅವರ ಅನುಮತಿ ಪಡೆಯಬೇಕಾದೀತು. ಆದ್ದರಿಂದ ಮುಂಗಡ ಹಣ ಸ್ವೀಕರಿಸುವ ಮುನ್ನವೇ ಈ ಬಗ್ಗೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಸೂಕ್ತ.

ನೋಂದಣಿ ಬಯಸುವವರು ನವದೆಹಲಿಯ ಕೃತಿಸ್ವಾಮ್ಯ ಕಚೇರಿಗೆ ಪ್ರತಿ ಕೃತಿಗೂ ಪ್ರತ್ಯೇಕ ಅರ್ಜಿಯನ್ನು ನಮೂನೆ 14ರಲ್ಲಿ ಸಲ್ಲಿಸಬಹುದು. ಕರಡು ಚಿತ್ರಗಳನ್ನು ಎಸೆಯದೆ, ದಿನಾಂಕ, ಅಳತೆ, ಮಾಧ್ಯಮ ಹಾಗೂ ಛಾಯಾಚಿತ್ರದೊಂದಿಗೆ ವಹಿಯಲ್ಲಿ ದಾಖಲಿಸಿಡಬೇಕಾಗಿ ಕೋರಿದೆ. ವಿವಾದ ಉಂಟಾದಲ್ಲಿ ಈ ವಹಿಯು ಕೃತಿ ತಮ್ಮದೆಂದು ತೋರಿಸಲು ನೆರವಾಗುತ್ತದೆ.