ಫರಸಿಯ ಊರು ಶಹಾಬಾದ್

ನಿಮ್ಮ ಮನೆಯ ಅಂಗಳ ನೋಡಿರಿ. ಗುಡಿಯ ಕಟ್ಟೆ ನೋಡಿರಿ. ಅಲ್ಲಿ ನೀಲಿ-ಬೂದು ಬಣ್ಣದ ಚಪ್ಪಟೆ ಕಲ್ಲು ಹಾಸಿರಬಹುದು. ಅದಕ್ಕೆ ನಾವು ಶಹಾಬಾದಿ ಫರಸಿ ಅಂತೀವಿ. ಈ ಹೆಸರು ಒಂದು ಊರಿನಿಂದ ಬಂತು. ಅದೇ ಶಹಾಬಾದ್.

ಶಹಾಬಾದ್ ಕರ್ನಾಟಕದ ಕಲಬುರಗಿ ಜಿಲ್ಲೆಯಲ್ಲಿದೆ. ಹತ್ತಿರ ಕಾಗಿಣಾ ನದಿ ಇದೆ. ಮುಂಬೈ-ಚೆನ್ನೈ ರೈಲು ದಾರಿ ಈ ಊರಿನ ಮೇಲೆ ಹೋಗುತ್ತದೆ. ಹಿಂದೆ ಶಹಾಬಾದ್, ಗುಂಜೋಟಿ ಎರಡೂ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. 1956ರಲ್ಲಿ ರಾಜ್ಯ ಬೇರೆ ಬೇರೆ ಆದವು. ಆದರೆ ಫರಸಿ ಬರುವುದು ನಿಲ್ಲಲಿಲ್ಲ.

ನಮ್ಮ ಕಡೆ ಕಲ್ಲಿಲ್ಲವೇ?

ಇದೆ. ಆದರೆ ನಮ್ಮದು ಕರಿಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯೊಳಗಿನ ಬೆಂಕಿರಸ ಹೊರಗೆ ಹರಿಯಿತು. ಅದು ಆರಿ ಕರಿಕಲ್ಲಾಯಿತು. ಅದರಿಂದ ತೆಳುವಾದ ಫರಸಿ ಏಳುವುದಿಲ್ಲ.

ಶಹಾಬಾದಿನದು ಸುಣ್ಣದ ಕಲ್ಲು. ಅದು ಕರಿಕಲ್ಲಿಗಿಂತ ಬಹಳ ಹಳೆಯದು. ಆಗ ಅಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ರೊಟ್ಟಿ ಒಂದರ ಮೇಲೊಂದು ಇಟ್ಟ ಹಾಗೆ. ಕೆಲಸಗಾರರು ಮೇಲಿನ ಮಣ್ಣು ತೆಗೆದು, ಉಳಿ-ಸುತ್ತಿಗೆಯಿಂದ ಗೆರೆ ಹೊಡೆದು, ಹಾರೆ ಹಾಕಿ ಎತ್ತುತ್ತಾರೆ. ಒಂದೊಂದೇ ಪದರ ಬಿಡುತ್ತದೆ.

ಕಲ್ಲಿನಿಂದ ಸಿಮೆಂಟ್

ಇದೇ ಕಲ್ಲಿನಿಂದ ಸಿಮೆಂಟ್ ಕೂಡ ಆಗುತ್ತದೆ. ಕಲ್ಲು ಪುಡಿ ಮಾಡಿ, ಜೇಡಿಮಣ್ಣು ಬೆರೆಸಿ, ಸುಮಾರು 1450 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಆಮೇಲೆ ಸ್ವಲ್ಪ ಜಿಪ್ಸಮ್ ಸೇರಿಸಿ ಅರೆಯುತ್ತಾರೆ.

ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎ.ಸಿ.ಸಿ. ಆಯಿತು. ಶಹಾಬಾದಿನ ಕಂಪನಿಯೂ ಅದರಲ್ಲಿ ಸೇರಿತು. ಮುಂದೆ ಯಂತ್ರ ತಯಾರಿಸುವ ಕಾರ್ಖಾನೆಯೂ ಬಂತು. ಊರು ಬೆಳೆಯಿತು.

ಆಮೇಲೆ ಕಾಲ ಬದಲಾಯಿತು. 1968ರಲ್ಲಿ ಪಕ್ಕದ ವಾಡಿಯಲ್ಲಿ ಹೊಸ ಸಿಮೆಂಟ್ ಕಾರ್ಖಾನೆ ಶುರುವಾಯಿತು. ಶಹಾಬಾದಿನ ಹಳೆಯ ಕಾರ್ಖಾನೆ ಕೊನೆಗೆ ಮುಚ್ಚಿತು. ಮನೆಗಳಿಗೆ ಟೈಲ್ಸ್ ಬಂದವು. ಫರಸಿ ಕೇಳುವವರು ಕಡಿಮೆಯಾದರು. ನೆಲದಲ್ಲಿ ಕಲ್ಲು ಇನ್ನೂ ಇದೆ. ಕೆಲಸ ಮಾತ್ರ ಮೊದಲಿನಷ್ಟು ಇಲ್ಲ.

ದುಡಿಯುವವರಿಗೆ ಒಂದು ಮಾತು

ಕಲ್ಲು ಗಣಿ ಇರಲಿ, ಕಾರ್ಖಾನೆ ಇರಲಿ, ಒಂದು ದಿನ ನಿಲ್ಲಬಹುದು. ಆಗ ದುಡಿದದ್ದಕ್ಕೆ ಸಾಕ್ಷಿ ಏನು? ಹಾಜರಿ ಚೀಟಿ, ಪಗಾರ ಚೀಟಿ, ಪಿ.ಎಫ್. ನಂಬರ್. ಇವನ್ನು ಓದಿ ನೋಡಿ, ಜೋಪಾನ ಮಾಡಿರಿ.

ಅಳತೆಯ ಲೆಕ್ಕವೂ ಗೊತ್ತಿರಲಿ. 2 ಅಡಿ ಉದ್ದ, 2 ಅಡಿ ಅಗಲದ ಒಂದು ಫರಸಿ 4 ಚದರ ಅಡಿ. ಅಂಥ 25 ಫರಸಿ ಅಂದರೆ 100 ಚದರ ಅಡಿ. ಮೇಸ್ತ್ರಿ 80 ಎಂದು ಬರೆದರೆ 20 ಅಡಿಯ ಕೂಲಿ ಹೋಯಿತು! ಲೆಕ್ಕ ಬಂದವರು ಅಲ್ಲೇ ಕೇಳಬಹುದು.

ಓದಿರಿ, ಚರ್ಚಿಸಿರಿ

1. ಶಹಾಬಾದಿ ಕಲ್ಲು ಪದರವಾಗಿ ಏಳುವುದು ಏಕೆ?
2. 3 ಅಡಿ ಉದ್ದ, 2 ಅಡಿ ಅಗಲದ 10 ಫರಸಿ ಎಷ್ಟು ಚದರ ಅಡಿ?
3. ನಿಮ್ಮ ಕೂಲಿಯ ಲೆಕ್ಕ ಯಾರು ಬರೆಯುತ್ತಾರೆ? ನೀವು ಅದನ್ನು ಓದಿದ್ದೀರಾ?