ಮದ್ರಾಸ್ ಬಂದರಿನಲ್ಲಿ ಇಳಿದ ಎಂಟು ತುಣುಕುಗಳು

1957ರ ಮೇ ತಿಂಗಳ ನಡುವಿನಲ್ಲಿ ಸಿಂಗಪುರದಿಂದ ಮದ್ರಾಸ್ ಬಂದರಿಗೆ ಬಂದ ಹಡಗೊಂದರಲ್ಲಿ ಜ್ವರ ಹಿಡಿದ ಪ್ರಯಾಣಿಕರಿದ್ದರು. ಸುಮಾರು 12 ವಾರಗಳಲ್ಲಿ ‘ಏಷ್ಯನ್ ಫ್ಲೂ’ ದೇಶದ ಮೂಲೆಮೂಲೆಗೂ ಹಬ್ಬಿತು. ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇನ್‌ಫ್ಲುಯೆಂಜಾ ಕೇಂದ್ರದ ಐ.ಜಿ.ಕೆ. ಮೆನನ್ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅದರ ಲೆಕ್ಕ ಕೊಟ್ಟರು: 1958ರ ಫೆಬ್ರುವರಿ 8ರವರೆಗೆ ವರದಿಯಾದ ಪ್ರಕರಣಗಳು 44,51,785, ಸಾವು 1,098.

ಅಂದು ಹಡಗಿನಿಂದ ಇಳಿದ ವೈರಸ್ ಹುಟ್ಟಿದ್ದು ಹೇಗೆ, ನಮ್ಮ ಜೀವಕೋಶದೊಳಗೆ ಅದು ಲಕ್ಷಗಟ್ಟಲೆ ಪ್ರತಿಯಾದದ್ದು ಹೇಗೆ? ಉತ್ತರ ಕೂಡಿಬರಲು ಮೂರು ದಶಕ ಬೇಕಾಯಿತು.

ಅದೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ಫ್ಲೂ, ಮಂಗನ ಕಾಯಿಲೆ ಎರಡರ ವೈರಸ್‌ನ ವಂಶವಾಹಿಯೂ ಆರ್‌ಎನ್‌ಎ. ಮಂಗನ ಕಾಯಿಲೆಯ ವೈರಸ್‌ನದು ಅಚ್ಚಾದ ಹಾಳೆಯ ಹಾಗೆ. ಒಳಹೊಕ್ಕ ಕೂಡಲೇ ನಮ್ಮ ಕೋಶ ಅದನ್ನು ನೇರವಾಗಿ ಓದಿ ಪ್ರೋಟೀನ್ ಕಟ್ಟಿಕೊಡುತ್ತದೆ. ಫ್ಲೂ ವೈರಸ್‌ನದು ಹಳೆಯ ಅಚ್ಚುಕೂಟದ ಮೊಳೆಗಳ ಹಾಗೆ. ಅಕ್ಷರಗಳೆಲ್ಲ ತಿರುವುಮುರುವು, ಅಚ್ಚು ಹಾಕದೆ ಓದಲು ಬಾರದು. ಹಾಗಾಗಿ ಅದು ತನ್ನ ಅಚ್ಚುಯಂತ್ರವನ್ನು ಜೊತೆಗೇ ಹೊತ್ತು ತರುತ್ತದೆ. ಪಿಬಿ1, ಪಿಬಿ2, ಪಿಎ ಎಂಬ ಮೂರು ಪ್ರೋಟೀನುಗಳು ಸೇರಿದ ಪಾಲಿಮರೇಸ್ ಅದು. ವೈರಸ್ ಕಣದೊಳಗೇ ಇಂಥ ಯಂತ್ರವಿದೆಯೆಂದು 1971ರಲ್ಲಿ ಗೊತ್ತಾಯಿತು.

ಆದರೆ ಒಂದು ಒಗಟು ಉಳಿದಿತ್ತು. ವಿಷದ ಅಣಬೆಯಲ್ಲಿರುವ ಅಮಾನಿಟಿನ್ ನಮ್ಮ ಕೋಶದ ಆರ್‌ಎನ್‌ಎ ತಯಾರಿಕೆಯನ್ನು ತಡೆಯುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಹಾಕಿದರೆ ಫ್ಲೂ ವೈರಸ್ಸೂ ಬೆಳೆಯುತ್ತಿರಲಿಲ್ಲ. ಸ್ವಂತ ಯಂತ್ರ ಇರುವವನಿಗೆ ಪಕ್ಕದ ಅಚ್ಚುಕೂಟ ಬಾಗಿಲು ಹಾಕಿದರೆ ಏನಾಗಬೇಕು?

ನ್ಯೂಯಾರ್ಕಿನಲ್ಲಿ ರಾಬರ್ಟ್ ಕ್ರುಗ್ ಮತ್ತು ಸಂಗಡಿಗರು 1981ರ ಹೊತ್ತಿಗೆ ಇದನ್ನು ಬಿಡಿಸಿದರು. ನಮ್ಮ ಕೋಶಕೇಂದ್ರದಿಂದ ಹೊರಡುವ ಪ್ರತಿಯೊಂದು ಸಂದೇಶ ಆರ್‌ಎನ್‌ಎಯ ತಲೆಯ ಮೇಲೂ ಒಂದು ಟೊಪ್ಪಿ ಇರುತ್ತದೆ. ಪ್ರೋಟೀನ್ ಕಟ್ಟುವ ರೈಬೋಸೋಮ್ ಆ ಟೊಪ್ಪಿಯ ಗುರುತಿನ ಮೇಲೆಯೇ ಸಂದೇಶವನ್ನು ಓದಲು ತೊಡಗುತ್ತದೆ. ಫ್ಲೂ ವೈರಸ್‌ಗೆ ಟೊಪ್ಪಿ ಮಾಡಲು ಬಾರದು, ಕದಿಯಲು ಬರುತ್ತದೆ. ಪಿಬಿ2 ಟೊಪ್ಪಿಯನ್ನು ಹಿಡಿದುಕೊಳ್ಳುತ್ತದೆ. ಪಿಎ ಕತ್ತರಿಯಂತೆ 10ರಿಂದ 13 ಅಕ್ಷರಗಳಾಚೆ ಕಚಕ್ಕನೆ ಕತ್ತರಿಸುತ್ತದೆ. ಆ ತುಂಡಿಗೆ ಪಿಬಿ1 ವೈರಸ್‌ನ ಸಂದೇಶವನ್ನು ಪೋಣಿಸುತ್ತ ಹೋಗುತ್ತದೆ. ತಲೆ ಕಳೆದುಕೊಂಡ ನಮ್ಮ ಸಂದೇಶ ನಾಶವಾಗುತ್ತದೆ. ಅಣಬೆಯ ವಿಷದಿಂದ ಕೋಶದಲ್ಲಿ ಹೊಸ ಸಂದೇಶಗಳು ನಿಂತಾಗ ಕದಿಯಲು ಟೊಪ್ಪಿಯೇ ಇರಲಿಲ್ಲ. ಬಹುತೇಕ ಆರ್‌ಎನ್‌ಎ ವೈರಸ್‌ಗಳು ಕೋಶಕೇಂದ್ರದ ಹೊರಗೇ ಕೆಲಸ ಮುಗಿಸಿಕೊಂಡರೆ ಫ್ಲೂ ವೈರಸ್ ಒಳಗೆ ನುಗ್ಗುವ ಗುಟ್ಟೂ ಇದರಿಂದ ತಿಳಿಯಿತು.

ಸಂದೇಶಕ್ಕೆ ಬಾಲವೂ ಬೇಕು. ಮೂಲಪ್ರತಿಯ ಕೊನೆಯ ಹತ್ತಿರ ‘ಯು’ ಎಂಬ ಅಕ್ಷರ ಐದಾರು ಬಾರಿ ಸಾಲಾಗಿ ಬರುತ್ತದೆ. ಅಲ್ಲಿ ಯಂತ್ರ ಮುಂದೆ ಸರಿಯಲಾಗದೆ ತೊದಲುತ್ತದೆ. ಎ, ಎ, ಎ ಎಂದು ಅದೇ ಅಕ್ಷರವನ್ನು ಮತ್ತೆ ಮತ್ತೆ ಹೊಡೆಯುತ್ತದೆ. ಆ ತೊದಲೇ ಬಾಲ!

ವಂಶ ಮುಂದುವರಿಯಲು ಕದ್ದ ಟೊಪ್ಪಿ ಬೇಕಿಲ್ಲ. ಅದಕ್ಕಾಗಿ ಯಂತ್ರ ಮೊದಲು ಮೊಳೆಗಳ ಪೂರ್ತಿ ಪಡಿಯಚ್ಚು ತೆಗೆದು, ಅದರಿಂದ ಮತ್ತೆ ಹೊಸ ಮೊಳೆಗಳನ್ನು ಮಾಡುತ್ತದೆ. ಈ ಅಚ್ಚುಕೂಟದಲ್ಲಿ ಕರಡು ತಿದ್ದುವವರಿಲ್ಲ. ತಪ್ಪುಗಳು ಹಾಗೆಯೇ ಉಳಿಯುತ್ತವೆ. ಕೆಲವು ತಪ್ಪುಗಳು ವೈರಸ್‌ಗೆ ಹೊಸ ವೇಷ ಕೊಟ್ಟು ನಮ್ಮ ಪ್ರತಿರೋಧದ ಕಣ್ಣು ತಪ್ಪಿಸುತ್ತವೆ.

ಇದಕ್ಕಿಂತ ದೊಡ್ಡ ಬದಲಾವಣೆಗೂ ದಾರಿಯಿದೆ. ಈ ವೈರಸ್‌ನ ಸುಮಾರು 13,500 ಅಕ್ಷರಗಳು ಎಂಟು ಬಿಡಿ ತುಣುಕುಗಳಲ್ಲಿವೆ. ಎರಡು ಬಗೆಯ ಫ್ಲೂ ವೈರಸ್‌ಗಳು ಒಂದೇ ಕೋಶಕ್ಕೆ ಹೊಕ್ಕರೆ ತುಣುಕುಗಳು ಬೆರೆತು ಹೊಸ ತಳಿ ಹುಟ್ಟಬಹುದು. 1989ರಲ್ಲಿ ಕವಾವೊಕಾ, ವೆಬ್‌ಸ್ಟರ್ ಮೊದಲಾದವರು 1957ರ ತಳಿಯ ಜಾತಕ ಬಿಡಿಸಿದರು. ಐದು ತುಣುಕುಗಳು ಹಳೆಯ ಮಾನವ ಫ್ಲೂನವು, ಮೂರು ಹಕ್ಕಿ ಫ್ಲೂನವು. ಮೂರರಲ್ಲಿ ಎರಡು ಹೊರಕವಚದ ಪ್ರೋಟೀನುಗಳಿಗೆ ಸೇರಿದ್ದವು. ಮೂರನೆಯದು ಪಿಬಿ1, ಅಚ್ಚುಯಂತ್ರದ್ದೇ ಒಂದು ಭಾಗ. ಹಕ್ಕಿಯ ಬಿಡಿಭಾಗ ಜೋಡಿಸಿಕೊಂಡ ಯಂತ್ರವೊಂದು ಮದ್ರಾಸಿನಲ್ಲಿ ಇಳಿದಿತ್ತು.

ಕಳ್ಳನ ಕೈಚಳಕ ತಿಳಿದದ್ದು ವ್ಯರ್ಥವಾಗಲಿಲ್ಲ. 2018ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟ ಬಲೋಕ್ಸವಿರ್ ಔಷಧ ಪಿಎ ಕತ್ತರಿಯನ್ನೇ ಹಿಡಿದು ನಿಲ್ಲಿಸುತ್ತದೆ. ಟೊಪ್ಪಿ ಸಿಗದ ವೈರಸ್ ಸಂದೇಶ ಬರೆಯಲಾರದು. ಯಾವ ವೈದ್ಯನೂ ಊಹಿಸದ ಈ ಮದ್ದಿನ ಬೀಜ ಇದ್ದದ್ದು ಅಣಬೆಯ ವಿಷ ಎತ್ತಿದ ಆ ಒಂದು ಪ್ರಶ್ನೆಯಲ್ಲಿ. ಮೂಲವಿಜ್ಞಾನಕ್ಕೆ ಹಾಕಿದ ಹಣ ಏನಾಯಿತೆಂದು ಕೇಳುವವರಿಗೆ ನಾನು ಈ ಕತೆಯನ್ನೇ ಹೇಳುತ್ತೇನೆ.

ಫ್ಲೂ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ದೆಹಲಿ, ಪುಣೆಗಳಲ್ಲಿ ಅದು ಮುಂಗಾರಿನ ಜೊತೆ ಏರಿದರೆ, ಅಂದಿನ ಮದ್ರಾಸ್ ಆದ ಚೆನ್ನೈಯಲ್ಲಿ ಏರುವುದು ಹಿಂಗಾರಿನ ಅಕ್ಟೋಬರ್‌–ನವೆಂಬರ್‌ನಲ್ಲಿ. ಕರಡು ತಿದ್ದದ ಆ ಅಚ್ಚುಕೂಟ ಹೊಸ ಪ್ರತಿ ಹೊರಡಿಸುವುದರಿಂದಲೇ ಲಸಿಕೆಯನ್ನೂ ಪರಿಷ್ಕರಿಸುತ್ತಿರಬೇಕು. ಚೆನ್ನೈಯಲ್ಲಿರುವ ನಮ್ಮ ಅಜ್ಜ ಅಜ್ಜಿಯರು, ಗರ್ಭಿಣಿಯರು, ಉಬ್ಬಸದವರು ಕೊಡೆಯನ್ನು ಅಟ್ಟದಿಂದ ಇಳಿಸುವ ಮುಂಚೆಯೇ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಲಿ.