ನಳಿಗೆಯ ನಡುಕ, ಗುಂಡಿಯಷ್ಟು ಗುರಿ

ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದವರಿಗೆ ‘ಪಾಯಿಂಟ್ ಟೂ ಟೂ’ ಹೊಸದಲ್ಲ. ಸಣ್ಣ ತೋಟಾ, ಹಗುರ ಸದ್ದು, ಹೆಗಲಿಗೆ ಒದೆತವೇ ಇಲ್ಲವೆನ್ನಬೇಕು. ಅಲ್ಲಿ ಗುರಿ ಒಂದು ಇಡೀ ಕಾಯಿ. ಇದೇ ತೋಟಾ ಬಳಸುವ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಬರೀ 10.4 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. 2024ರಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 451.4 ಅಂಕ ಗಳಿಸಿ ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚು ತಂದದ್ದು ಈ ಗುಂಡಿಗೆ ಗುಂಡಿಟ್ಟೇ.

ಕಾಯಿಗೆ ಸಾಕಾಗುವ ನಳಿಗೆ ಗುಂಡಿಗೆ ಸಾಲದು. ಯಾಕೆ ಸಾಲದು ಎಂಬುದಕ್ಕೆ ಉತ್ತರ ತೋಟಾದಿಂದಲೇ ಶುರುವಾಗುತ್ತದೆ. ದೊಡ್ಡ ಕೋವಿಗಳ ತೋಟಾದಲ್ಲಿ ಕಿಡಿಮದ್ದು ತಳದ ನಡುವೆ ಇರುತ್ತದೆ. ಖಾಲಿ ತೋಟಾಕ್ಕೆ ಮತ್ತೆ ಮದ್ದು ತುಂಬಬಹುದು, ಮದ್ದನ್ನು ತುಸು ಹೆಚ್ಚು ಕಮ್ಮಿ ಮಾಡಿ ತಮ್ಮ ಕೋವಿಗೆ ಒಗ್ಗಿಸಿಕೊಳ್ಳಬಹುದು. 1887ರಿಂದ ಬಳಕೆಯಲ್ಲಿರುವ ಪಾಯಿಂಟ್ 22 ಲಾಂಗ್ ರೈಫಲ್‌ನಲ್ಲಿ ಕಿಡಿಮದ್ದು ಇರುವುದು ತಳದ ಅಂಚಿನ ಮಡಿಕೆಯೊಳಗೆ. ಮೊಳೆ ಬಡಿದರೆ ಅಂಚು ಜಜ್ಜಿಹೋಯಿತು, ತೋಟಾದ ಕತೆ ಮುಗಿಯಿತು. ಕಾರ್ಖಾನೆ ಕೊಟ್ಟದ್ದನ್ನೇ ಹೊಡೆಯಬೇಕು. ತೋಟಾವನ್ನು ತಿದ್ದಲಾಗದವನು ತಿದ್ದಬಹುದಾದದ್ದು ನಳಿಗೆಯನ್ನು.

ಲೆಕ್ಕ ಹಾಕಿ ನೋಡೋಣ. ಸೀಸದ ಗುಂಡಿನ ತೂಕ 2.6 ಗ್ರಾಂ. ಸ್ಪರ್ಧೆಯ ತೋಟಾದ ವೇಗ ಸೆಕೆಂಡಿಗೆ ಸುಮಾರು 325 ಮೀಟರ್. ಶಬ್ದದ ವೇಗವನ್ನು ದಾಟಿ ಮತ್ತೆ ಕೆಳಗಿಳಿಯುವಾಗ ಗುಂಡು ಅಲುಗುತ್ತದೆಂದು ಬೇಕೆಂದೇ ಅದಕ್ಕಿಂತ ತುಸು ಕಮ್ಮಿ ಇಟ್ಟಿರುತ್ತಾರೆ. 50 ಮೀಟರ್ ಮುಟ್ಟುವ ಹೊತ್ತಿಗೆ ಗುಂಡು ಸುಮಾರು 12 ಸೆಂಟಿಮೀಟರ್ ಕೆಳಗೆ ಬಿದ್ದಿರುತ್ತದೆ. ಒಂದೇ ಡಬ್ಬಿಯ ಎರಡು ತೋಟಾಗಳ ವೇಗದಲ್ಲಿ ಸೆಕೆಂಡಿಗೆ 5 ಮೀಟರ್ ವ್ಯತ್ಯಾಸವಿದ್ದರೆ ಎರಡು ತೂತುಗಳ ನಡುವೆ ಮೇಲೆ ಕೆಳಗೆ 4 ಮಿಲಿಮೀಟರಿನಷ್ಟು ಅಂತರ. ಹತ್ತರ ವೃತ್ತದ ಅರ್ಧ ಅಳತೆಯೇ 5.2 ಮಿಲಿಮೀಟರ್. ಕೈ ಕಲ್ಲಿನಂತಿದ್ದರೂ ಅಂಕ ಸೋರಿಹೋಗಲು ಇಷ್ಟೇ ಸಾಕು.

ಇಲ್ಲಿ ನಳಿಗೆಯ ನಡುಕ ಒಂದು ವಿಚಿತ್ರ ಉಪಕಾರ ಮಾಡುತ್ತದೆ. ಕುದುರೆ ಎಳೆದು ಮದ್ದು ಹೊತ್ತಿದ ಮೇಲೆ ಗುಂಡು ನಳಿಗೆಯೊಳಗೆ ಇರುವುದು ಕೆಲವೇ ಮಿಲಿಸೆಕೆಂಡು. ಅಷ್ಟರಲ್ಲೇ ನಳಿಗೆ ಬಡಿದ ಸರಳಿನಂತೆ ಕಂಪಿಸತೊಡಗಿರುತ್ತದೆ. ಈ ಕಂಪನದ ಬಗ್ಗೆ ಇಂಗ್ಲೆಂಡಿನ ಅರ್ನಲ್ಫ್ ಮ್ಯಾಲಕ್ 1901ರಷ್ಟು ಹಿಂದೆಯೇ ರಾಯಲ್ ಸೊಸೈಟಿಗೆ ಪ್ರಬಂಧ ಬರೆದಿದ್ದರು. ನಳಿಗೆಯ ಬಾಯಿ ಮೇಲಕ್ಕೇಳುತ್ತಿರುವ ಗಳಿಗೆಯಲ್ಲಿ ಗುಂಡು ಹೊರಬಿದ್ದರೆ ಏನಾಗುತ್ತದೆ? ವೇಗದ ಗುಂಡು ಮೊದಲು ಹೊರಡುತ್ತದೆ, ಬಾಯಿ ಆಗ ಇನ್ನೂ ತಗ್ಗಿನಲ್ಲಿದೆ. ನಿಧಾನದ್ದು ತಡವಾಗಿ ಬರುತ್ತದೆ, ಆಗ ಬಾಯಿ ತುಸು ಎದ್ದಿದೆ. ಹೆಚ್ಚು ಬೀಳಬೇಕಾದ ಗುಂಡಿಗೆ ಹೆಚ್ಚು ಎತ್ತರ! ನಾಲ್ಕು ಮಿಲಿಮೀಟರನ್ನು ಸರಿದೂಗಿಸಲು ಬಾಯಿ ಏಳಬೇಕಾದದ್ದು ಒಂದು ಡಿಗ್ರಿಯ ಇನ್ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಬಾಯಿಯ ತುದಿಗೆ ಚಿಕ್ಕ ತೂಕದ ಬಳೆ ಹಾಕಿ ಹಿಂದೆ ಮುಂದೆ ತಿರುಗಿಸುವ ‘ಟ್ಯೂನರ್’ ಮಾಡುವುದು ಇದೇ ಕೆಲಸ. ನಡುಕವನ್ನು ನಿಲ್ಲಿಸುವುದಲ್ಲ, ತಾಳಕ್ಕೆ ಕೂರಿಸುವುದು.

ನಳಿಗೆ ಬದಲಿಸುವ ಗೀಳು ಅತಿ ಹೆಚ್ಚು ಹಬ್ಬಿರುವುದು ಅಮೆರಿಕದಲ್ಲಿ. ಅದಕ್ಕೆ ಕಾರಣ 1964ರಲ್ಲಿ ಬಂದ ರೂಗರ್ 10/22 ಎಂಬ ಅಗ್ಗದ ರೈಫಲ್. ಅದರ ನಳಿಗೆಯನ್ನು ಹಿಡಿದಿರುವುದು ಎರಡು ತಿರುಪು ಮತ್ತು ಇಂಗ್ಲಿಷಿನ ‘ವಿ’ ಆಕಾರದ ಒಂದು ತುಂಡು. ಮೇಜಿನ ಮೇಲಿಟ್ಟುಕೊಂಡು ಕಳಚಿ ಬೇರೆಯದನ್ನು ಕೂರಿಸಬಹುದು. (ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧವೇ, ದುರಸ್ತಿಗೂ ಪರವಾನಗಿ ಬೇಕು.) ಜನ ಮೊದಲು ಹಾಕುವುದು 23 ಮಿಲಿಮೀಟರ್ ದಪ್ಪದ ‘ಬುಲ್ ಬ್ಯಾರೆಲ್’. ಬಾಗದಿರುವ ಗುಣ ದಪ್ಪದ ನಾಲ್ಕನೇ ಘಾತದಂತೆ ಬೆಳೆಯುತ್ತದೆ. 16 ಮಿಲಿಮೀಟರಿನದರ ಜಾಗಕ್ಕೆ 23ರದು ಬಂದರೆ ತೂಕ ಎರಡು ಪಟ್ಟು, ಬಿಗಿ ನಾಲ್ಕು ಪಟ್ಟಿಗೂ ಮೇಲೆ. ವ್ಯಾಪಾರ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಭಾರವನ್ನೆಲ್ಲ ಹೊರಬೇಕಾದ್ದು ಹಗುರ ಅಲ್ಯೂಮಿನಿಯಂ ಪೆಟ್ಟಿಗೆ ಮತ್ತು ಅವೇ ಎರಡು ತಿರುಪು. ಕೂರಿಸಿದ್ದು ಸಡಿಲವಿದ್ದರೆ ಮೂತಿ ಜೋತುಬೀಳುತ್ತದೆ, ಈಡಿನಿಂದ ಈಡಿಗೆ ಕದಲುತ್ತದೆ. ದಪ್ಪಕ್ಕೆ ಸಿಕ್ಕಷ್ಟು ಹೊಗಳಿಕೆ ಕೂರಿಸುವ ಕೆಲಸಕ್ಕೆ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

ನಿಜವಾದ ಲಾಭ ಕಣ್ಣಿಗೆ ಕಾಣದ ಒಳಗಡೆ ಇದೆ. ಯಾವ ತೋಟಾ ಹಾಕಿದರೂ ಸಿಕ್ಕಿಕೊಳ್ಳದಿರಲೆಂದು ಕಾರ್ಖಾನೆಯ ನಳಿಗೆಯಲ್ಲಿ ತೋಟಾ ಕೂರುವ ಚೇಂಬರ್ ತುಸು ಸಡಿಲವಾಗಿರುತ್ತದೆ. ಗುಂಡು ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಸೇರುವ ಮೊದಲೇ ಓರೆಯಾಗಬಹುದು. ಸ್ಪರ್ಧೆಯ ನಳಿಗೆಯಲ್ಲಿ ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಹೆಬ್ಬೆರಳಿಗೆ ಮೆತ್ತನೆಯ ತಡೆಯೊಂದು ಸಿಗುತ್ತದೆ. ಹಾರಿಸದೆ ಆ ತೋಟಾವನ್ನು ಹೊರತೆಗೆದರೆ ಸೀಸದ ಸುತ್ತ ಸಾಲು ಸಾಲು ಸಣ್ಣ ಗೀರು ಕಾಣುತ್ತವೆ: ಹೊರಡುವ ಮೊದಲೇ ಗುಂಡು ದಾರಿ ಹಿಡಿದಿದೆ. ಸುಮಾರು 40 ಸೆಂಟಿಮೀಟರಿಗೆ ಒಂದು ಸುತ್ತು ಹಾಕುವ ನಳಿಗೆಯ ಸುರುಳಿ ಗೀರುಗಳೇ ಗುಂಡನ್ನು ನಿಮಿಷಕ್ಕೆ 48,000 ಸುತ್ತಿನ ಬುಗುರಿಯಾಗಿಸುತ್ತವೆ. ಒಳ್ಳೆಯ ಕೆಲಸಗಾರ ಮೆತ್ತನೆಯ ಸೀಸದ ಬಿಲ್ಲೆಯೊಂದನ್ನು ಕಡ್ಡಿಯಿಂದ ಒಳಗೆ ದೂಡಿ ನಳಿಗೆಯ ಜಾತಕ ಹೇಳುತ್ತಾನೆ. ಒಂದೇ ಬಿಗಿಯಲ್ಲಿ ಸರಿದು ಬಾಯಿಯ ಬಳಿ ಕೂದಲೆಳೆಯಷ್ಟು ಬಿಗಿಯಾದರೆ ಒಳ್ಳೆಯದು, ನಡುವೆ ಎಲ್ಲಾದರೂ ಸಡಿಲಾದರೆ ಕೆಟ್ಟದ್ದು.

ಇನ್ನು ಬಾಯಿ. ಅಮೆರಿಕದ ಮಿಲ್‌ಫರ್ಡ್‌ನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಬೇಕೆಂದೇ ಗುಂಡುಗಳನ್ನು ವಿರೂಪಗೊಳಿಸಿ ಹಾರಿಸಿ ನೋಡಿದ ಹುಚ್ಚು ಹಿಡಿದ ಮನುಷ್ಯ. 1909ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ. ಗುಂಡಿನ ಮೂಗು ಜಜ್ಜಿದರೆ ಅಷ್ಟೇನೂ ಕೆಡುವುದಿಲ್ಲ, ತಳದ ಅಂಚು ಕೆಟ್ಟರೆ ಗುಂಡು ದಾರಿ ತಪ್ಪುತ್ತದೆ ಎಂದು ಅವನಿಗೆ ಕಂಡಿತು. ತಳ ಕೊನೆಯದಾಗಿ ಮುಟ್ಟುವುದು ನಳಿಗೆಯ ಬಾಯಿಯನ್ನು. ಅಲ್ಲಿ ಒಂದು ಕಡೆ ಮುಕ್ಕಾಗಿದ್ದರೆ ಅನಿಲ ಅಲ್ಲಿಂದ ಮೊದಲು ನುಗ್ಗಿ ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಾಯಿಯ ಅಂಚಿಗೆ ಸುತ್ತ ಸವರಿದರೆ ಸಾಕು, ಮುಕ್ಕಿದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಹೊಸ ನಳಿಗೆಗೆ ದುಡ್ಡು ಸುರಿಯುವ ಮೊದಲು ಈ ಪುಕ್ಕಟೆ ಪರೀಕ್ಷೆ ಮಾಡಬಾರದೇ?

ಇಷ್ಟೆಲ್ಲ ಆದ ಮೇಲೂ ನಳಿಗೆಗೆ ತನ್ನದೇ ನಾಲಿಗೆ ರುಚಿ ಇರುತ್ತದೆ. ಒಂದೇ ಹೆಸರಿನ, ಒಂದೇ ಬೆಲೆಯ ತೋಟಾ, ಬೇರೆ ದಿನ ತಯಾರಾದದ್ದಾದರೆ ಒಗ್ಗದಿರಬಹುದು. ಅದಕ್ಕೇ ದೊಡ್ಡ ಸ್ಪರ್ಧಿಗಳು ತಮ್ಮ ರೈಫಲನ್ನು ತೋಟಾ ತಯಾರಕರಾದ ಬರ್ಮಿಂಗ್‌ಹ್ಯಾಮ್‌ನ ಏಲಿ ಅಥವಾ ಜರ್ಮನಿಯ ಶೋನೆಬೆಕ್‌ನಲ್ಲಿರುವ ಲಾಪುವಾ ಪರೀಕ್ಷಾ ಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿ ಹಿಡಿ ಕಳಚಿ ನಳಿಗೆಯನ್ನು ಉಕ್ಕಿನ ಹಿಡಿಕೆಗೆ ಬಿಗಿದು, ಒಂದೇ ಸಲ ತಯಾರಾದ ತೋಟಾಗಳ ಕಂತು, ಅಂದರೆ ಲಾಟ್ ಮೇಲೆ ಲಾಟ್ ಹಾರಿಸಿ ತೂತುಗಳ ಗುಂಪು ಅಳೆಯುತ್ತಾರೆ. ಯಾವುದು ಒಗ್ಗಿತೋ ಆ ಲಾಟ್‌ನ ಪೆಟ್ಟಿಗೆಗಳನ್ನು ಮುಂದಿನ ಸ್ಪರ್ಧೆಗಳಿಗೆ ಆಗುವಷ್ಟು ಒಟ್ಟಿಗೇ ಕೊಂಡು, ಸಂಖ್ಯೆ ಬರೆದಿಟ್ಟುಕೊಂಡು ಮನೆಗೆ ತರುತ್ತಾರೆ.